ನೋಡಿದವರ ಸಹಿ

ಲೋಕಿಕೆರೆಯಲ್ಲಿ ನನ್ನ ತಂಗಿಯ ಮನೆ ಮುಂದೆ ಒಂದು ಹುಣಸೆಮರ ಇದೆ. ಅದರ ಕೆಳಗೆ ಒಂದು ಬಿಳಿ ಮಾರುತಿ ಓಮ್ನಿ ವ್ಯಾನು ನಿಂತಿರುತ್ತದೆ. ಈ ವಾರದ ಮಾತು ಆ ವ್ಯಾನಿನದು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪಿನ ಪಾಲೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ತಂಗಿಯ ಮಗ, ಎಂದರೆ ನನ್ನ ಸೋದರಳಿಯ, ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತಾನೆ. ನಮ್ಮ ಕಡೆ ಭತ್ತದ ಗದ್ದೆ, ಅಡಿಕೆ ತೋಟ ಜಾಸ್ತಿ. ಬೋರಿನ ಮೋಟಾರ್ ಸುಟ್ಟರೆ ತೋಟದವನಿಗೆ ನಿದ್ದೆ ಬರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಇವನು ವ್ಯಾನು ತೆಗೆದುಕೊಂಡು ಹೊರಡುತ್ತಾನೆ. ಹಿಂದಿನ ಸೀಟು ಬಿಚ್ಚಿ ಅಲ್ಲಿ ಕೇಬಲ್ ಸುರುಳಿ, ಚೈನ್ ಪುಲ್ಲಿ, ತಾಮ್ರದ ತಂತಿ, ಸ್ಪ್ಯಾನರ್ ಡಬ್ಬಿ ತುಂಬಿದ್ದಾನೆ. ಆ ವ್ಯಾನು ನಿಂತರೆ ಮನೆಯ ಒಲೆ ಉರಿಯುವುದು ಕಷ್ಟ.

ಮಕ್ಕಳಿಗೆ ಓಮ್ನಿಯ ಬಗ್ಗೆ ಎರಡು ಮಾತು. 1984ರಲ್ಲಿ ಇದು ನಮ್ಮ ದೇಶದ ರಸ್ತೆಗೆ ಬಂತು, ಆಗ ಇದರ ಹೆಸರು ಮಾರುತಿ ವ್ಯಾನ್. ಓಮ್ನಿ ಎಂಬ ಹೆಸರು ಆಮೇಲೆ ಬಂದದ್ದು. 2019ರಲ್ಲಿ ಕಂಪನಿ ಇದರ ತಯಾರಿಕೆ ನಿಲ್ಲಿಸಿತು. 796 ಸಿಸಿಯ ಪುಟ್ಟ ಎಂಜಿನ್ನು, ಮೂರೇ ಸಿಲಿಂಡರ್. ಬೇರೆ ಕಾರುಗಳ ಹಾಗೆ ಮೂತಿಯಲ್ಲಿ ಎಂಜಿನ್ ಇಲ್ಲ, ಮುಂದಿನ ಸೀಟಿನ ಕೆಳಗೆ ಇದೆ. ಸೀಟು ಎತ್ತಿದರಷ್ಟೇ ಕಾಣುತ್ತದೆ. ಎತ್ತದಿದ್ದರೆ ಅಲ್ಲಿ ಎಂಜಿನ್ ಇದೆ ಎಂಬುದೇ ಮರೆತುಹೋಗುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ.

2025ರ ಜನವರಿಯ ಒಂದು ಶನಿವಾರ. ಮರುದಿನ ಎಲ್ಲರೂ ಹರಿಹರಕ್ಕೆ ಹೋಗುವುದು, ಹೊಳೆಯಲ್ಲಿ ಮಿಂದು ಹರಿಹರೇಶ್ವರನ ದರ್ಶನ ಮಾಡುವುದು ಎಂದು ತಂಗಿ ಹೇಳಿದಳು. ಕೇಬಲ್ ಗೀಬಲ್ ಇಳಿಸಿ, ಚಾಪೆ ಹಾಸಿ, ನಾಲ್ಕು ಮಕ್ಕಳನ್ನು ಹಿಂದೆ ಕೂರಿಸುವುದು ಎಂದು ಏರ್ಪಾಡಾಗಿತ್ತು. ಸಂಜೆ ನಾನು ಸುಮ್ಮನೆ ವ್ಯಾನಿನಲ್ಲಿ ಕೂತು ಬ್ರೇಕ್ ಪೆಡಲ್ ಒತ್ತಿದೆ. ಅದು ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಇಳಿದು ಬಗ್ಗಿ ನೋಡಿದರೆ ಹಿಂದಿನ ಎಡ ಚಕ್ರದ ಒಳಮೈ ಒದ್ದೆ.

"ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?" ಎಂದು ಅಳಿಯನನ್ನು ಕೇಳಿದೆ.

"ತಮ್ಮ ಹಾಕ್ಸಿರ್ಬೇಕು ಮಾವ."

ತಮ್ಮನನ್ನು ಕೇಳಿದೆ. "ನಾನ್ಯಾಕ? ಅಣ್ಣ ನೋಡ್ಕೊಂತಾನ ಅನ್ಕೊಂಡಿದ್ದೆ." ಕೆಲಸಕ್ಕೆ ಬರುವ ಹುಡುಗನೂ ವ್ಯಾನು ಓಡಿಸುತ್ತಾನೆ. ಅವನನ್ನು ಕೇಳಿದರೆ, "ಅದು ಓನರ್ರು ಮಾಡ್ಸೋ ಕೆಲ್ಸ ಅಲ್ರಾ" ಎಂದ.

ನಾಳೆ ಈ ವ್ಯಾನಿನಲ್ಲಿ ಮಕ್ಕಳು ಹತ್ತುವುದು ಬೇಡ ಎಂದೆ. ಅಳಿಯನಿಗೆ ಸಿಟ್ಟು ಬಂತು. "ಮಾವ, ಗಾಡಿ ಓಡ್ತಾ ಐತಿ. ಓಡೋ ಗಾಡಿ ಬಿಚ್ಚಿದ್ರ ಇಲ್ಲದ ಖರ್ಚು. ನೀವು ಬ್ಯಾಂಕಿನಾಗ ಕುಂತು ಲೆಕ್ಕ ಬರ್ದೋರು, ಗಾಡಿ ವಿಷ್ಯ ನಮಗ ಬಿಡ್ರಿ" ಎಂದುಬಿಟ್ಟ. ತಂಗಿಯೂ ಮುಖ ಊದಿಸಿಕೊಂಡಳು. ನಾನು ಕೀಲಿ ಕೊಡಲಿಲ್ಲ. ಮರುದಿನ ಎಲ್ಲರೂ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಹೋಗುವ ದಾರಿಯಲ್ಲಿ ಮಕ್ಕಳು ಬಿಟ್ಟರೆ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಸೋಮವಾರ ದಾವಣಗೆರೆಯ ಪಿ.ಬಿ. ರಸ್ತೆ ಕಡೆಯ ಪರಿಚಯದ ಮೆಕ್ಯಾನಿಕ್ ಒಬ್ಬರು ಬೈಕಿನಲ್ಲಿ ಬಂದರು. ಹಿಂದಿನ ಡ್ರಮ್ ಬಿಚ್ಚಿ ನೋಡಿದರು. ಅದರೊಳಗಿನ ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಸೋರಿ ಬ್ರೇಕ್ ಶೂ ಪೂರ್ತಿ ನೆನೆದಿತ್ತು. ಎಣ್ಣೆ ಕುಡಿದ ಶೂ ಡ್ರಮ್ಮನ್ನು ಹಿಡಿಯುವುದಿಲ್ಲ, ಜಾರುತ್ತದೆ. ಅವರು ಅಳಿಯನ ಮುಖ ನೋಡಿ, "ಇದು ಇಷ್ಟು ದಿವ್ಸ ನಿಂತಿದ್ದು ಬ್ರೇಕಿನಿಂದ ಅಲ್ಲಪ್ಪ, ನಿನ್ನ ಮಕ್ಳ ಪುಣ್ಯದಿಂದ" ಎಂದರು. ಅಳಿಯ ತಲೆ ತಗ್ಗಿಸಿದ. ವ್ಯಾನನ್ನು ಇನ್ನೊಂದು ಗಾಡಿಯ ಮೇಲೆ ಹೇರಿ ಗ್ಯಾರೇಜಿಗೆ ಸಾಗಿಸಿದೆವು.

ನನ್ನ ತಪ್ಪು ಇಲ್ಲಿದೆ. ತಿಂಗಳಿಗೊಮ್ಮೆ ಪಿಂಚಣಿ ತರಲು ನಾನು ದಾವಣಗೆರೆಗೆ ಹೋಗುತ್ತಿದ್ದದ್ದು ಇದೇ ವ್ಯಾನಿನಲ್ಲಿ. ಬ್ರೇಕ್ ಹಾಕಿದಾಗಲೆಲ್ಲ ಹಿಂದಿನಿಂದ ಒಂದು ಕೀರಲು ಸದ್ದು ಬರುತ್ತಿತ್ತು. ಮೂರು ತಿಂಗಳು ಅದನ್ನು ಕೇಳಿದ್ದೇನೆ. ಗಾಡಿ ಅವನದು, ಅವನಿಗೆ ಗೊತ್ತಿರುತ್ತದೆ ಎಂದುಕೊಂಡು ಬಾಯಿ ಬಿಡಲಿಲ್ಲ. ತಮ್ಮ ಅಣ್ಣನನ್ನು ನಂಬಿದ ಹಾಗೆ ನಾನೂ ಇನ್ಯಾರನ್ನೋ ನಂಬಿ ಕೂತಿದ್ದೆ.

ಗ್ಯಾರೇಜಿನಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತೆ. ನಿವೃತ್ತನಿಗೆ ಬೇರೆ ಕೆಲಸವೇನು? ಒಂದೊಂದೇ ಬಿಚ್ಚುತ್ತಾ ಹೋದ ಹಾಗೆ ಒಂದೊಂದು ಪಾಠ ಸಿಕ್ಕಿತು.

ಮೊದಲನೆಯದು ಬ್ರೇಕ್ ಆಯಿಲ್. ಹೊಸದು ತಿಳಿಜೇನಿನ ಬಣ್ಣಕ್ಕಿರುತ್ತದೆ, ನಮ್ಮದು ಕಾಫಿ ಡಿಕಾಕ್ಷನ್ ಆಗಿತ್ತು. ಉಪ್ಪಿನ ಡಬ್ಬಿ ತೆರೆದಿಟ್ಟರೆ ಮಳೆಗಾಲದಲ್ಲಿ ನೀರೊಡೆಯುವುದಿಲ್ಲವೇ? ಬ್ರೇಕ್ ಆಯಿಲ್ ಕೂಡ ಹಾಗೆ ಗಾಳಿಯ ತೇವವನ್ನು ಹೀರುತ್ತದೆ. ಬ್ರೇಕ್ ಬಿಸಿಯಾದಾಗ ಆ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಏನಾಗುತ್ತದೆ ಎಂದು ಮಕ್ಕಳು ಮನೆಯಲ್ಲೇ ನೋಡಬಹುದು. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಅದು ಜಗ್ಗುವುದಿಲ್ಲ. ಈಗ ನೀರು ಚೆಲ್ಲಿ ಬರೀ ಗಾಳಿ ತುಂಬಿ ಒತ್ತಿ. ಮೆತ್ತಗೆ ಒಳಗೆ ಹೋಗುತ್ತದೆ. ಪೆಡಲ್ ಒತ್ತಿದ ಬಲವನ್ನು ದ್ರವ ಚಕ್ರಕ್ಕೆ ಮುಟ್ಟಿಸುತ್ತದೆ, ಗುಳ್ಳೆ ತಾನೇ ನುಂಗಿಬಿಡುತ್ತದೆ. ಅದಕ್ಕೇ ಸೋರಿಕೆ ಇರಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕು ಎನ್ನುವುದು.

ಎರಡನೆಯದು ರೇಡಿಯೇಟರ್. ನೀರು ಕಡಿಮೆಯಾದಾಗಲೆಲ್ಲ ಹುಡುಗರು ತೋಟದ ಬೋರ್ ನೀರನ್ನು ಸುರಿದಿದ್ದರು. ನಮ್ಮ ಬೋರ್ ನೀರು ಎಷ್ಟು ಗಡಸು ಎಂದು ಸ್ನಾನದ ಹಂಡೆಯ ಒಳಗೆ ಕೈಯಾಡಿಸಿದವರಿಗೆ ಗೊತ್ತು, ಬಿಳಿ ಸುಣ್ಣದ ಪದರ ಕೂತಿರುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಕೂತರೆ ನೀರು ಓಡಾಡುವುದು ಹೇಗೆ, ಎಂಜಿನ್ ತಣ್ಣಗಾಗುವುದು ಹೇಗೆ? ಅದಕ್ಕೆ ಕೂಲೆಂಟೇ ಹಾಕಬೇಕು. ಅದನ್ನು ಬೆರೆಸಿಕೊಳ್ಳುವುದಾದರೂ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಬೇಕು.

ಮೂರನೆಯದು ಏರ್ ಫಿಲ್ಟರ್. ಡಬ್ಬಿ ತೆಗೆದರೆ ಒಳಗೆ ಭತ್ತದ ಹುಲ್ಲು! ಇಲಿ ಬೆಚ್ಚಗೆ ಗೂಡು ಕಟ್ಟಿ, ಪಕ್ಕದ ಎರಡು ವೈರು ಕಡಿದಿತ್ತು. ಸುಗ್ಗಿಯಲ್ಲಿ ಹುಲ್ಲು ಒಟ್ಟುವುದು ಅದೇ ಹುಣಸೆಮರದ ಬುಡದಲ್ಲಿ. ಇಲಿಯನ್ನು ನಾವೇ ಕರೆದು ಮನೆ ತೋರಿಸಿದ್ದೆವು.

ನಾಲ್ಕನೆಯದು ಬೆಲ್ಟುಗಳು. ಫ್ಯಾನ್ ಬೆಲ್ಟನ್ನು ಮಡಚಿ ನೋಡಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು. ಎಂಜಿನ್ನಿನ ಒಳಗೆಲಸವನ್ನೆಲ್ಲ ಹೊತ್ತುಹೊತ್ತಿಗೆ ನಡೆಸುವ ಟೈಮಿಂಗ್ ಬೆಲ್ಟನ್ನು ಯಾವಾಗ ಹಾಕಿದ್ದೆಂದು ಯಾರಿಗೂ ನೆನಪಿಲ್ಲ. ಅದು ಹರಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ, ಅದು ಹೆದ್ದಾರಿಯ ನಡುವೆಯೂ ಆಗಬಹುದು.

ಐದನೆಯದು ಟೈರು. ಆಯುಧಪೂಜೆಯ ದಿನ ನಾನೇ ನಿಂತು ಆ ನಾಲ್ಕು ಟೈರಿನ ಕೆಳಗೆ ನಾಲ್ಕು ನಿಂಬೆಹಣ್ಣು ಇಡಿಸಿದ್ದೆ. ನಿಂಬೆಹಣ್ಣು ನೋಡಿದೆ, ಟೈರು ನೋಡಲಿಲ್ಲ. ಮಕ್ಕಳೇ, ಇದನ್ನು ನೀವು ಇವತ್ತೇ ನಿಮ್ಮ ಮನೆಯ ಸ್ಕೂಟರ್, ಕಾರುಗಳಲ್ಲಿ ನೋಡಬಹುದು. ಟೈರಿನ ಪಕ್ಕದ ಗೋಡೆಯ ಮೇಲೆ ಒಂದು ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ನಮ್ಮದರಲ್ಲಿ 3115 ಎಂದಿತ್ತು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಎಂದರೆ 2015ರ 31ನೇ ವಾರದಲ್ಲಿ ಹುಟ್ಟಿದ ಟೈರು. ಒಂಬತ್ತು ವರ್ಷ ದಾಟಿತ್ತು. ಇನ್ನೊಂದು ಗುರುತೂ ಇದೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಕಾರಿನ ಟೈರಿನಲ್ಲಿ ಅವುಗಳ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು ಎಂದರ್ಥ. ನಮ್ಮ ಎರಡು ಟೈರುಗಳಲ್ಲಿ ದಿಬ್ಬ ಬೇರೆ, ಟೈರು ಬೇರೆ ಎಂದು ಹೇಳುವ ಹಾಗಿರಲಿಲ್ಲ.

ಒಂಬತ್ತು ದಿನದ ಮೇಲೆ ವ್ಯಾನು ಸಿದ್ಧವಾಯಿತು. ಗ್ಯಾರೇಜಿನ ಹುಡುಗ ಬಿಲ್ ಕೊಟ್ಟ: 27,100 ರೂಪಾಯಿ. ನನ್ನ ಕೈ ಸುಮ್ಮನಿರುತ್ತದೆಯೇ? ಕೂಡಿ ನೋಡಿದೆ. ಬ್ರೇಕಿಗೆ 3,200, ಬ್ಯಾಟರಿ 3,800, ಎರಡು ಟೈರು 5,600, ರೇಡಿಯೇಟರ್ ಮತ್ತು ಕೂಲೆಂಟ್ 2,450, ಬೆಲ್ಟುಗಳು 2,100, ಎಂಜಿನ್ ಆಯಿಲ್, ಫಿಲ್ಟರ್, ಪ್ಲಗ್ ಸೇರಿ 2,350, ವೈರಿಂಗ್ 1,800, ಕೂಲಿ 4,000. ಮೊತ್ತ 25,300. ವ್ಯತ್ಯಾಸ 1,800. ಅದು ಒಂಬತ್ತರಿಂದ ಪೂರ್ತಿ ಭಾಗವಾಗುತ್ತದೆ. ಕೂಡಲೇ ಹೇಳಿದೆ, "ತಮ್ಮಾ, ಎಲ್ಲೋ ಎರಡು ಅಂಕಿ ಅದಲು ಬದಲು ಆಗಿವೆ, ನೋಡು." ಹುಡುಗ ಕ್ಯಾಲ್ಕುಲೇಟರಿನಲ್ಲಿ 2,450 ಒತ್ತುವ ಬದಲು 4,250 ಒತ್ತಿದ್ದ!

ಇದು ಮಂತ್ರವಲ್ಲ, ಬ್ಯಾಂಕಿನ ಹಳೆಯ ಗುಮಾಸ್ತರಿಗೆಲ್ಲ ಗೊತ್ತಿದ್ದ ಉಪಾಯ. ಯಾವುದೇ ಸಂಖ್ಯೆಯಲ್ಲಿ ಎರಡು ಅಂಕಿ ಸ್ಥಾನ ಬದಲಿಸಿದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 54 ಮತ್ತು 45, 81 ಮತ್ತು 18, ನೀವೇ ಕಳೆದು ನೋಡಿ. ಕಂಪ್ಯೂಟರ್ ಬರುವ ಮುಂಚೆ ಲೆಡ್ಜರ್ ಟ್ಯಾಲಿ ಆಗದ ಎಷ್ಟೋ ರಾತ್ರಿಗಳಲ್ಲಿ ಈ ಒಂಬತ್ತು ನಮ್ಮನ್ನು ಮನೆಗೆ ಕಳಿಸಿದೆ.

1,800 ಉಳಿದರೂ ಅಳಿಯನ ಮುಖ ಅರಳಲಿಲ್ಲ. ಒಂಬತ್ತು ದಿನ ಬೇರೆ ಗಾಡಿಗೆ ಬಾಡಿಗೆ ಕೊಟ್ಟು ಕೆಲಸಕ್ಕೆ ಹೋಗಿದ್ದ. ಎರಡು ಕಡೆ ಕೆಲಸ ಬೇರೆಯವರ ಪಾಲಾಯಿತು. "ಎಲ್ಲ ಒಟ್ಟಿಗೇ ಹೋಗೋದಾ ಮಾವ?" ಎಂದ. ಒಟ್ಟಿಗೇ ಹೋದದ್ದಲ್ಲ, ನಾವು ಒಟ್ಟಿಗೇ ನೋಡಿದ್ದು. ಬೆಲ್ಟಿನ ಬಿರುಕು, ರೇಡಿಯೇಟರಿನ ಸುಣ್ಣ, ಬ್ಯಾಟರಿ ತುದಿಯ ಹಸಿರು ಪುಡಿ, ಎಲ್ಲವೂ ವರ್ಷಗಟ್ಟಲೆ ನಿಧಾನವಾಗಿ ಬೆಳೆದವು. ಬೆಂಕಿ ಬಿದ್ದಾಗ ಬಾವಿ ತೋಡುವವರು ಎನ್ನುವ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ಯಂತ್ರ ಚಿಕ್ಕದಿರಲಿ ದೊಡ್ಡದಿರಲಿ, ಲೆಕ್ಕ ಒಂದೇ. ಆ ದಿನ ಹರಿಹರದಲ್ಲಿ ನಾವು ಮಿಂದ ತುಂಗಭದ್ರೆಯೇ ಮುಂದೆ ಹೋಗಿ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ರೈತರ ಬೆಳೆಗೆಂದು ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಸುಮಾರು ಒಂದು ವಾರ ಹೋರಾಡಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರು ತಡೆದರು. ಅಷ್ಟು ದೊಡ್ಡ ಅಣೆಕಟ್ಟು ನಂಬಿಕೊಂಡಿದ್ದದ್ದು ಕೊಂಡಿಗೆ ಕೊಂಡಿ ಸೇರಿಸಿದ ಸರಪಳಿಯನ್ನು. ನಮ್ಮ ವ್ಯಾನು ನಂಬಿಕೊಂಡಿದ್ದದ್ದು ಹೆಬ್ಬೆರಳು ಗಾತ್ರದ ಒಂದು ಸಿಲಿಂಡರನ್ನು.

ಹಾಗಾದರೆ ತಪ್ಪಿದ್ದೆಲ್ಲಿ? ನಮ್ಮ ಅಳಿಯ ಸೋಮಾರಿಯಲ್ಲ, ದಡ್ಡನೂ ಅಲ್ಲ. ಊರಿನ ಮೋಟಾರನ್ನೆಲ್ಲ ಸರಿ ಮಾಡುವವನಿಗೆ ತನ್ನ ಗಾಡಿ ಅರ್ಥವಾಗದೇ? ಮೂರು ಜನ ಓಡಿಸುವ ಗಾಡಿಯನ್ನು ಇನ್ನಿಬ್ಬರಲ್ಲಿ ಒಬ್ಬರು ನೋಡುತ್ತಾರೆ ಎಂದು ಮೂವರೂ ತಿಳಿದಿದ್ದರು, ಅಷ್ಟೇ.

ಬ್ಯಾಂಕಿನಲ್ಲಿ ಈ ರೋಗಕ್ಕೆ ಮದ್ದಿತ್ತು. ತಿಜೋರಿಗೆ ಇಬ್ಬರ ಹತ್ತಿರ ಬೇರೆ ಬೇರೆ ಕೀಲಿ. ಸಂಜೆ ಕ್ಯಾಶ್ ಮುಗಿಸಿದಾಗ ಎಣಿಸಿದವನ ಸಹಿ, ತಾಳೆ ನೋಡಿದವನ ಸಹಿ. ಕಳ್ಳರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಒತ್ತಿ ನೋಡಿ, ಅದಕ್ಕೂ ರಿಜಿಸ್ಟರಿನಲ್ಲಿ ಸಹಿ. ಹೊಸದಾಗಿ ಸೇರಿದಾಗ ನನಗೆ ಇದೆಲ್ಲ ನಗೆಪಾಟಲು ಎನಿಸಿತ್ತು. ಇಷ್ಟು ವರ್ಷದಲ್ಲಿ ಒಬ್ಬ ಕಳ್ಳನೂ ಬಂದಿಲ್ಲ, ಯಾಕೆ ಈ ಶಾಸ್ತ್ರ ಎಂದು ಹಿರಿಯ ಹೆಡ್ ಕ್ಲರ್ಕ್ ಒಬ್ಬರನ್ನು ಕೇಳಿದೆ. ಅವರು, "ನೋಡಿದೆ ಅಂತ ಬಾಯಲ್ಲಿ ಹೇಳೋದು ಸುಲಭ ಕಣಯ್ಯ. ಸಹಿ ಹಾಕುವಾಗ ಎಲ್ಲರೂ ಎದ್ದು ಹೋಗಿ ನೋಡಿ ಬರ್ತಾರೆ" ಎಂದರು.

ಹಾಗಾಗಿ ವ್ಯಾನು ಮನೆಗೆ ಬಂದ ದಿನ ಎರಡು ನೂರು ಪುಟದ ಒಂದು ನೋಟ್‌ಬುಕ್ ತಂದೆ. ಗೆರೆ ಎಳೆದು ಕಾಲಂ ಮಾಡಿದೆ: ದಿನಾಂಕ, ಕಿಲೋಮೀಟರ್, ಏನು ನೋಡಿದ್ದು, ಏನು ಕಂಡದ್ದು, ನೋಡಿದವರ ಸಹಿ. ನೋಡುವ ದಿನ ಭಾನುವಾರ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಸಮನೆಲದಲ್ಲಿ.

ನಾವು ನೋಡುವುದು ಇಷ್ಟು. ಸೀಟು ಎತ್ತಿ ಎಂಜಿನ್ ಆಯಿಲಿನ ಕಡ್ಡಿ ಹೊರತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವುದು. ಎಣ್ಣೆ ಎರಡು ಗುರುತಿನ ನಡುವೆ ಇರಬೇಕು. ಬ್ರೇಕ್ ಆಯಿಲ್, ಕೂಲೆಂಟ್ ಡಬ್ಬಿಗಳ ಮೇಲೂ ಮೇಲಿನ ಗೆರೆ, ಕೆಳಗಿನ ಗೆರೆ ಇರುತ್ತವೆ. ಬ್ರೇಕ್ ಆಯಿಲ್ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗಬಾರದು, ಎಲ್ಲಿ ಹೋಗುತ್ತಿದೆ ಎಂದು ಹುಡುಕಿಸಬೇಕು. ಟೈರುಗಳ ಗಾಳಿ, ಸ್ಟೆಪ್ನಿಯನ್ನೂ ಸೇರಿಸಿ. ಬ್ಯಾಟರಿಯ ತುದಿಗಳು. ಒಬ್ಬರು ಒಳಗೆ ಕೂತು ಒತ್ತುತ್ತಾರೆ, ಒಬ್ಬರು ಹೊರಗೆ ನಿಂತು ಹೆಡ್‌ಲೈಟು, ಬ್ರೇಕ್ ಲೈಟು, ಇಂಡಿಕೇಟರ್ ಉರಿಯುತ್ತವೆಯೇ ಎಂದು ಹೇಳುತ್ತಾರೆ. ಕೊನೆಗೆ ಗಾಡಿ ನಿಂತಿದ್ದ ಜಾಗದ ನೆಲ. ಅಲ್ಲಿ ಹನಿ ಬಿದ್ದಿದ್ದರೆ ಗಾಡಿ ಏನೋ ಹೇಳುತ್ತಿದೆ ಎಂದು ಅರ್ಥ. ತಿಂಗಳಿಗೊಮ್ಮೆ ಬೆಲ್ಟು, ಹೋಸ್ ಪೈಪು, ಇಲಿಯ ಹುಲ್ಲು, ಹಾಗೆಯೇ ಇನ್ಶೂರೆನ್ಸ್, ಹೊಗೆ ತಪಾಸಣೆಯ ಕಾಗದಗಳ ತಾರೀಖು. ವಾರದ ಕೆಲಸ ಹತ್ತು ನಿಮಿಷ ಹಿಡಿಯುತ್ತದೆ. ಮಕ್ಕಳಿಗೆ ಒಂದು ಎಚ್ಚರಿಕೆ: ಬಿಸಿ ಎಂಜಿನ್ನಿನ ಹತ್ತಿರ ಕೈ ಹಾಕಬೇಡಿ, ಬಿಸಿ ರೇಡಿಯೇಟರಿನ ಮುಚ್ಚಳವನ್ನು ದೊಡ್ಡವರೂ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಮೊದಲ ಎರಡು ವಾರ ಅಳಿಯ ಮನಸ್ಸಿಲ್ಲದೆ ಸಹಿ ಹಾಕಿದ. ಮೂರನೆಯ ವಾರ ಅವನ ಮಗಳು, ಆರನೇ ಕ್ಲಾಸಿನವಳು, "ಅಜ್ಜ, ನಾನೂ ಸಹಿ ಹಾಕ್ಲಾ?" ಎಂದು ಬಂದಳು. ನೋಡದೆ ಹಾಕುವ ಹಾಗಿಲ್ಲ ಎಂದೆ. ಅವಳಿಗೆ ಟೈರು ಮತ್ತು ಲೈಟಿನ ಜವಾಬ್ದಾರಿ ಕೊಟ್ಟೆವು.

ಯುಗಾದಿಯ ಹಿಂದಿನ ಭಾನುವಾರ ನಾನು ಜ್ವರ ಬಂದು ಮಲಗಿದ್ದೆ. ಅಳಿಯನಿಗೆ ದೂರದ ತೋಟವೊಂದರಿಂದ ಫೋನು, ಬೆಳಿಗ್ಗೆಯೇ ಅವಸರ. "ಇವತ್ತೊಂದಿನ ಬಿಡವ್ವ" ಎಂದನಂತೆ. ಅವಳು ನೋಟ್‌ಬುಕ್ ಹಿಡಿದು ಬಾಗಿಲಿಗೆ ಅಡ್ಡ ನಿಂತಳಂತೆ. ಬಲಗಡೆಯ ಹಿಂದಿನ ಟೈರು ಉಳಿದವಕ್ಕಿಂತ ತುಸು ತಗ್ಗಿ ಕೂತಿತ್ತು. ಜಾಕ್ ಹಾಕಿ ಚಕ್ರ ತಿರುಗಿಸಿ ನೋಡಿದರೆ ಎರಡು ಇಂಚಿನ ಮೊಳೆ. ಅಳಿಯ ಸ್ಟೆಪ್ನಿ ಹಾಕಿಕೊಂಡು ಅರ್ಧ ಗಂಟೆ ತಡವಾಗಿ ಹೊರಟ, ಸಂಜೆ ಸುಖವಾಗಿ ಮನೆಗೆ ಬಂದ. ಆ ಸಂಜೆ ನನ್ನ ಮಂಚದ ಹತ್ತಿರ ಬಂದು ಕೂತು, "ಹುಡುಗಿ ಬಾಳ ಗಟ್ಟಿ ಐತಿ ಮಾವ" ಎಂದ. ಜನವರಿಯ ಮುನಿಸು ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದಳು. "ಚಲೋ ಐತಿ. ವ್ಯಾನಿನ ಎಣ್ಣೆ ವಾರವಾರ ನೋಡ್ತೀರಿ. ನಿಮ್ಮ ಬಿಪಿ, ಸಕ್ಕರೆ ನೋಡ್ಸಿ ಎಷ್ಟು ದಿನ ಆತು?" ಎಂದಳು. ಲೆಕ್ಕ ಹಾಕಿದೆ. ಹದಿನಾಲ್ಕು ತಿಂಗಳು. ಅವಳು ನೋಡಿಸಿರುತ್ತಾಳೆ ಎಂದು ನಾನು, ಇವರು ನೋಡಿಸಿಕೊಂಡಿರುತ್ತಾರೆ ಎಂದು ಅವಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದೆವು. ಸಕ್ಕರೆ ಸ್ವಲ್ಪ ಜಾಸ್ತಿ ಇದೆ, ಬೆಣ್ಣೆ ದೋಸೆಗೆ ಕತ್ತರಿ ಬಿತ್ತು. ವ್ಯಾನಿನ ನೋಟ್‌ಬುಕ್ಕಿನ ಹಿಂಭಾಗದಲ್ಲಿ ಇನ್ನೊಂದು ಕಾಲಂ ಎಳೆದಿದ್ದೇನೆ. ಅದರಲ್ಲಿ ಸಹಿ ಹಾಕುವ ಅಧಿಕಾರ ಹೆಂಡತಿಯದು.